ಅಧ್ಯಕ್ಷರ ಮಾತ್ರೆ

16 ಜೂನ್ 2008, ಶ್ಯಾಂಟಿಲಿ
ಕ್ಲಿನಿಕ್‌ನಲ್ಲಿ ಹದಿನೆಂಟು ಪೇಶೆಂಟ್ಸ್. ಎಲ್ಲರದೂ ಬಿ.ಪಿ. ಊಟದ ಹೊತ್ತಿಗೆ ಸುದ್ದಿ ಬಂತು — ಗುರುಸಿದ್ದಪ್ಪನಿಗೆ ಒಂದು ದೇಶದ ಅಧ್ಯಕ್ಷರೇ ಪೇಶೆಂಟಂತೆ! ಪುಟ್ಟ ದೇಶ. ಆದರೆ ಇಪ್ಪತ್ತು ವರ್ಷದಿಂದ ಇವರದೇ ಆಳ್ವಿಕೆ.
ಆ ದೇಶದ ಎಂಬೆಸಿಯವರು ಹೋದ ವಾರ ಮೊದಲು ಫೋನ್ ಮಾಡಿದ್ದು ನನಗೆ. ನಾನು ಷಾರ್ಲೆಟ್‌ಗೆ ಡ್ರೈವ್ ಮಾಡುತ್ತಿದ್ದೆ, ನಾದಿನಿಯ ಗೃಹಪ್ರವೇಶ. ಫೋನ್ ಕಾರಿನ ಟ್ರಂಕಿನಲ್ಲಿ, ಹೋಳಿಗೆ ಡಬ್ಬಿಯ ಕೆಳಗೆ. ನಾನು ಎತ್ತಲಿಲ್ಲವೆಂದು ಅವನಿಗೆ ಮಾಡಿದರು. ಹುಬ್ಬಳ್ಳಿಯಲ್ಲಿ ನನ್ನ ನೋಟ್ಸ್ ಓದಿ ಡಾಕ್ಟರಾದವನು, ನನ್ನ ಹಿಂದೆಯೇ ಈ ದೇಶಕ್ಕೆ ಬಂದವನು!

20 ಸೆಪ್ಟೆಂಬರ್ 2009
ಗುರುಸಿದ್ದಪ್ಪನ ಮನೆಯಲ್ಲಿ ಊಟ. ಅಧ್ಯಕ್ಷರಿಗೆ ವಿಷದ ಭಯವಂತೆ. ಚೆಕಪ್‌ಗೆ ಇಲ್ಲಿಗೆ ಬಂದಾಗಲೆಲ್ಲ, ಯಾವ ಮಾತ್ರೆ ಕೊಟ್ಟರೂ ಡಾಕ್ಟರು ಅದೇ ಬಾಟಲಿಯಿಂದ ಒಂದನ್ನು ಮೊದಲು ನುಂಗಿ ತೋರಿಸಬೇಕು.
"ನಾ ನುಂಗೋತನಕ ಅವ್ರು ಮುಟ್ಟಂಗಿಲ್ಲಪಾ. ಅಷ್ಟ್ ಟ್ರಸ್ಟು ನನ್ಮ್ಯಾಲೆ!"
"ಇದಕ್ಕ ಟ್ರಸ್ಟ್ ಅಂತಾರೇನ್ರೀ?" ಎಂದು ನನ್ನ ಹೆಂಡತಿ ಶ್ರೀದೇವಿ ನಕ್ಕಳು.
ನನಗೆ ನಗು ಬರಲಿಲ್ಲ. ಹೊಟ್ಟೆ ಉರಿಯಿತು.

6 ನವೆಂಬರ್ 2012
ಇಲ್ಲಿ ಇವತ್ತು ಓಟು, ಒಂದು ಗಂಟೆ ಕ್ಯೂ. ಅಧ್ಯಕ್ಷರ ದೇಶದಲ್ಲಿ ಹೋದ ತಿಂಗಳೇ ಮುಗಿಯಿತು. ನೂರಕ್ಕೆ ತೊಂಬತ್ತೆಂಟು! ಇನ್ನು ಸಾಯುವ ತನಕ ಅವರೇ ಅಧ್ಯಕ್ಷರು.
ಅಲ್ಲಿನ ತಮ್ಮ ಹಳೆಯ ಡಾಕ್ಟರನ್ನು ಜೈಲಿಗೆ ಹಾಕಿಸಿದ್ದಾರೆಂದು ಪೇಪರಿನಲ್ಲಿದೆ. ಎರಡು ಸಲ ಓದಿದೆ. ಆದರೂ ಕಣ್ಣ ಮುಂದೆ ಬರುವುದು ಗುರುಸಿದ್ದಪ್ಪನ ಗೋಡೆಯ ಫೋಟೊ — ಅವನ ಹೆಗಲ ಮೇಲೆ ಅಧ್ಯಕ್ಷರ ಕೈ. ನಾಚಿಕೆಯಾಗಬೇಕು ನನಗೆ. ಆಗುತ್ತಿಲ್ಲ.

23 ಮೇ 2017, ಬೆಳಗ್ಗೆ 7
ಟೀವಿಯಲ್ಲಿ... ಸೈನ್ಯವೇ ತಿರುಗಿಬಿದ್ದಿದೆ. ಪ್ರತಿಮೆಯ ಕೊರಳಿಗೆ ಹಗ್ಗ. ಅಧ್ಯಕ್ಷರು ರಾತ್ರೋರಾತ್ರಿ ದೇಶ ಬಿಟ್ಟರು.
ಸಮಾಧಾನ ಹೇಳುವ ನೆಪದಲ್ಲಿ ಗುರುಸಿದ್ದಪ್ಪನಿಗೆ ಫೋನ್ ಮಾಡಿದೆ. ಅವನ ದನಿ ಸಣ್ಣದಾಗಿತ್ತು. ಎರಡು ಕಪ್ ಚಹಾ ಕುಡಿದೆ, ಖುಷಿಗೆ.

4 ಮಾರ್ಚ್ 2019
ಅಧ್ಯಕ್ಷರು ಇಲ್ಲೇ ಇದ್ದಾರೆ! ತಮ್ಮ ಮಗಳ ಮನೆಯಲ್ಲಿ, ನಮ್ಮಿಂದ ಎರಡು ಮೈಲಿ. ಗುರುಸಿದ್ದಪ್ಪ ಆ ಫೋಟೊ ಇಳಿಸಿದ್ದಾನೆ.
"ನನಗ ಬ್ಯಾಡಪಾ ಆ ಪೀಡಾ. ನೀನೇ ನೋಡ್ಕೋ."
ಬಿಟ್ಟುಕೊಟ್ಟ! ಹನ್ನೊಂದು ವರ್ಷದ ಮೇಲೆ. ನಾಳೆ ಹತ್ತಕ್ಕೆ ಅಪಾಯಿಂಟ್‌ಮೆಂಟ್. ನೀಲಿ ಸೂಟು ಇಸ್ತ್ರಿ ಮಾಡಿಟ್ಟೆ.
"ಬೀಗರ ಮನೀಗೆ ಹೊಂಟೀರೇನು?" ಎಂದಳು ಶ್ರೀದೇವಿ.

5 ಮಾರ್ಚ್, 11.30
ಒಬ್ಬರೇ ಬಂದರು, ಊಬರ್‌ನಲ್ಲಿ. ಫಾರ್ಮಿನಲ್ಲಿ 'ಉದ್ಯೋಗ' ಎಂಬಲ್ಲಿ ಖಾಲಿ ಬಿಟ್ಟಿದ್ದರು. ಬಿ.ಪಿ. 180. ಮಾತ್ರೆಯ ಬಾಟಲಿ ತೆಗೆದೆ. ಕೇಳುವ ಮೊದಲೇ, ಅವರ ಕಣ್ಣೆದುರು, ಒಂದನ್ನು ನುಂಗಿದೆ.
ಅವರು ಬಾಟಲಿಯ ಮುಚ್ಚಳ ಹಾಕಿದರು. "ಅದೆಲ್ಲ ಈಗ ಬೇಡ, ಡಾಕ್ಟರ್. ನನ್ನನ್ನು ಕೊಲ್ಲುವ ಅಗತ್ಯ ಯಾರಿಗೂ ಉಳಿದಿಲ್ಲ."
ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು — ಗುರುಸಿದ್ದಪ್ಪ ಚೆನ್ನಾಗಿದ್ದಾನಾ?
ನನ್ನ ಬಿ.ಪಿ. ನೋಡಿಕೊಂಡೆ. ಆ ಮಾತ್ರೆಗೆ 92ಕ್ಕೆ ಇಳಿದಿದೆ. ತಲೆ ತಿರುಗುತ್ತಿದೆ, ಬರೆಯುವ ಅಕ್ಷರ ಎರಡೆರಡಾಗಿ ಕಾಣುತ್ತಿದೆ. ಹೊರಗೆ ಆರು ಜನ ಕಾಯುತ್ತಿದ್ದಾರೆ. ಗುರುಸಿದ್ದಪ್ಪ ಸಂಜೆ ಫೋನ್ ಮಾಡಿಯೇ ಮಾಡುತ್ತಾನೆ. ಹೇಳುತ್ತೇನೆ, ನಾನು ನುಂಗುವ ತನಕ ಅವರು ಮಾತ್ರೆ ಮುಟ್ಟಲೇ—