ಎಡಕ್ಕೆ ಮುಖ ಮಾಡಿದ ಮೀನು

ಯಲಹಂಕ ಉಪನಗರ
ಶನಿವಾರ, 8 ನವೆಂಬರ್ 2025

ಪ್ರೀತಿಯ ಚಿತ್ರಾ,

ಅತ್ತಿಗೆ ಕಾಗದ ಬರೆದಿದ್ದಾಳೆ ಎಂದರೆ ಮನೆಯಲ್ಲಿ ಏನೋ ಆಗಿದೆ ಎಂದುಕೊಳ್ಳಬೇಡ. ಎಲ್ಲರೂ ಆರೋಗ್ಯವಾಗಿದ್ದೇವೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಹಾಲಿನಲ್ಲಿ ಮಾವ ಕೂತಿರುತ್ತಾರೆ. ಮೆಸೇಜು ಮಾಡೋಣವೆಂದರೆ ಕ್ರಿಕೆಟ್ ಸ್ಕೋರಿಗೆಂದು ನನ್ನ ಮೊಬೈಲು ನನಗಿಂತ ಹೆಚ್ಚು ಹೊತ್ತು ಅವರ ಕೈಯಲ್ಲೇ ಇರುತ್ತದೆ. ನಾಳೆ ನಿಮ್ಮ ಯಜಮಾನರು ವಾಸು ಅವರು ಯಶವಂತಪುರದ ಮಾರ್ಕೆಟ್ ಯಾರ್ಡಿನಿಂದ ಅಕ್ಕಿ ತಂದುಕೊಡಲು ಬರುತ್ತಾರಲ್ಲ, ಅವರ ಕೈಯಲ್ಲಿ ಇದನ್ನು ಕಳಿಸುತ್ತೇನೆ. ನಿಮ್ಮಪ್ಪನಿಗೆ ಗೊತ್ತಾಗಬಾರದ್ದು ಇದರಲ್ಲಿದೆ. ಓದಿ ಮಡಚಿಡು.

ಹಬ್ಬಕ್ಕೆ ಬಂದಾಗ ಅಡುಗೆಮನೆಯಲ್ಲಿ ನೀನು ಎರಡು ಪ್ರಶ್ನೆ ಕೇಳಿದ್ದೆ. ಮಕ್ಕಳ ಚಿತ್ರಕಲೆಯ ಸೆಂಟರ್ ತೆರೆಯಲು ನನಗೆ ಒಟ್ಟು ಎಷ್ಟು ಖರ್ಚಾಯಿತು, ಯಶವಂತಪುರದಲ್ಲಿ ನೀನೂ ಒಂದು ಮಾಡಬಹುದೇ ಎಂಬುದು ಮೊದಲನೆಯದು. ಭಾನುವಾರವಾದರೂ ಅಪ್ಪ ಯಾಕೆ ಮನೆಯಲ್ಲೇ ಇದ್ದಾರೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಆಮೇಲೆ ಹೇಳ್ತೀನಿ ಕಣೆ ಅಂದೆ. ಎರಡನೆಯದಕ್ಕೆ ಮಂಡಿ ನೋವು ಅಂದೆ. ಈಗ ಯೋಚಿಸಿದರೆ ಎರಡಕ್ಕೂ ಉತ್ತರ ಒಂದೇ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಕಂಪನಿಯ ಹೆಸರು ಹಾಕಿಕೊಳ್ಳಲು ಮೂರು ಲಕ್ಷ, ಅದರ ಮೇಲೆ ಜಿಎಸ್‌ಟಿ. ಮೆಡಿಕಲ್ ಶಾಪಿನ ಮೇಲಿನ ಆ ಜಾಗಕ್ಕೆ ಹತ್ತು ತಿಂಗಳ ಅಡ್ವಾನ್ಸ್. ಪುಟ್ಟ ಮೇಜು, ಕುರ್ಚಿ, ಮಕ್ಕಳ ಎತ್ತರಕ್ಕೆ ಸಿಗುವ ಸಿಂಕು. ಗೋಡೆಗೆ ಕಂಪನಿಯ ಹಳದಿಯೇ ಆಗಬೇಕು. ನಾವು ಹೊಡೆಸಿದ ಹಳದಿ ಸ್ವಲ್ಪ ಗಾಢವಾಯಿತೆಂದು ಇನ್ನೊಮ್ಮೆ ಹೊಡೆಸಿದೆವು. ಬಣ್ಣ, ಹಾಳೆ, ಏಪ್ರನ್ ಎಲ್ಲವನ್ನೂ ಅವರಿಂದಲೇ ಕೊಳ್ಳಬೇಕು; ಅದೇ ಬಣ್ಣದ ಡಬ್ಬಿ ಚಿಕ್ಕಪೇಟೆಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆ. ಬರುವ ಫೀಸಿನಲ್ಲಿ ನೂರಕ್ಕೆ ಹದಿನೈದು ಅವರದು. ಎಲ್ಲ ಸೇರಿ ಒಂಬತ್ತು ಲಕ್ಷ ದಾಟಿತು. ಈಗ ನಲವತ್ತು ಮಕ್ಕಳಿದ್ದಾರೆ, ಬಾಡಿಗೆ ಕಳೆದು ಕೈಗೆ ಏನೋ ಉಳಿಯುತ್ತದೆ. ದುಡ್ಡಿನ ವಿಷಯದಲ್ಲಿ ನಿನ್ನನ್ನು ಹೆದರಿಸುವಂಥದ್ದು ನನ್ನ ಹತ್ತಿರ ಏನೂ ಇಲ್ಲ.

ಅಗ್ರಿಮೆಂಟನ್ನು ನಾನು ಪೂರ್ತಿ ಓದಿಯೇ ಸಹಿ ಹಾಕಿದ್ದು. ಸೆಂಟರ್ ನಡೆಸುವವರಾಗಲಿ, ಅವರ ಮನೆಯವರಾಗಲಿ ಹೊರಗೆ ಎಲ್ಲೂ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವಂತಿಲ್ಲ ಎಂಬ ಷರತ್ತು ಅದರಲ್ಲಿತ್ತು. ನಿಮ್ಮಣ್ಣ ನಿರಂಜನ ಒಂದು ಗೆರೆ ನೆಟ್ಟಗೆ ಎಳೆಯಲಾರರು, ನಮಗೇನು ಎಂದು ನಕ್ಕು ಮುಂದಿನ ಪುಟಕ್ಕೆ ಹೋದೆವು. ಕೆರೆಯ ಹತ್ತಿರ ನಿಮ್ಮಪ್ಪ ಮಾಡುತ್ತಿದ್ದದ್ದು ನೆನಪಿಗೇ ಬರಲಿಲ್ಲ. ಅದನ್ನು ಕ್ಲಾಸು ಎಂದು ನಮ್ಮ ಮನೆಯಲ್ಲಿ ಯಾರು ಕರೆದಿದ್ದೇವೆ ಹೇಳು? ಅದು ಮಾವನ ವಾಕಿಂಗ್. ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರ್ ಆದಾಗಿನಿಂದ ಭಾನುವಾರ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆಗೆ ಹೋಗುತ್ತಾರೆ, ಬೇಲಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರುತ್ತಾರೆ, ಮಕ್ಕಳು ಸೇರುತ್ತವೆ, ಚೀಲದಿಂದ ಹಳೆಯ ಕ್ಯಾಲೆಂಡರ್ ಹಾಳೆಗಳೂ ಮುರಿದ ಕ್ರೇಯಾನುಗಳೂ ಹೊರಬರುತ್ತವೆ, ಅಷ್ಟೇ.

ಅಪಾರ್ಟ್‌ಮೆಂಟಿನ ಒಬ್ಬ ತಾಯಿ ಅದನ್ನು ವಿಡಿಯೋ ಮಾಡಿ, ನಮ್ಮ ಸೆಂಟರ್ ಮೇಡಂ ಅವರ ಮಾವ, ಎಂಥ ದೊಡ್ಡ ಮನಸ್ಸು ಎಂದು ಬರೆದು ಹಾಕಿದರು. ಹೊಗಳಿಕೆಗೇ ಹಾಕಿದ್ದು, ಅವರ ತಪ್ಪಿಲ್ಲ. ಕಂಪನಿಯ ಏರಿಯಾ ಮ್ಯಾನೇಜರ್ ಅಭಿರಾಮ್ ಅದನ್ನು ನೋಡಿ ಮಾರನೆಯ ದಿನವೇ ಬಂದ. ಒಳ್ಳೆಯ ಹುಡುಗ, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುತ್ತಾನೆ. "ಮೇಡಂ, ತಪ್ಪು ತಿಳ್ಕೋಬೇಡಿ, ಸರ್ ಫ್ರೀಯಾಗಿ ಹೇಳ್ಕೊಟ್ರೆ ನಿಮ್ ಹತ್ರ ಯಾರ್ ಬರ್ತಾರೆ? ಇದು ನಿಮಗೋಸ್ಕರಾನೇ" ಅಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಒಂದು ಮನೆಯವರು ಅಣ್ಣ ತಂಗಿ ಇಬ್ಬರನ್ನು ಅದೇ ತಿಂಗಳು ನಮ್ಮಲ್ಲಿಂದ ಬಿಡಿಸಿ ಕೆರೆಗೆ ಕಳಿಸುತ್ತಿದ್ದರು. ಅದು ಗೊತ್ತಾದಾಗ ನನಗೂ ಚುರುಕ್ಕೆಂದಿತ್ತು.

ಮಾವನಿಗೆ ನೀವೇ ಹೇಳಿ ಎಂದರೆ ನಿಮ್ಮಣ್ಣ, ಸೆಂಟರ್ ನಿನ್ನದು, ನೀನೇ ಹೇಳು ಎಂದು ಸ್ನಾನಕ್ಕೆ ಹೋದರು. ಕಾಫಿ ಕೊಡುವಾಗ ಹೇಳಿದೆ. ಮಾವ ಪೇಪರ್ ಮಡಚಿದರು. "ನಾನೇ ಬಿಡಬೇಕು ಅಂತಿದ್ದೆ ಕಣಮ್ಮ. ಮಂಡಿ ನೋವು" ಅಂದರು. ಅದೇ ವಾರ ತಾರಸಿ ಹತ್ತಿ ಸಿಂಟೆಕ್ಸ್ ಟ್ಯಾಂಕಿನೊಳಗೆ ಇಳಿದು ಉಜ್ಜಿ ತೊಳೆದರು.

ಸೆಂಟರಿನ ಒಳಗೆ ಅವರು ಹೇಳಿಕೊಡಬಹುದು, ಆದರೆ ಕಂಪನಿಯ ತರಬೇತಿ ಆಗಿರಬೇಕು ಎಂದು ಅಭಿರಾಮ್ ದಾರಿ ತೋರಿಸಿದ. ಮಾವ ಒಪ್ಪಿದರು. ಬೇಡ ಅನ್ನುತ್ತಾರೆಂದು ನಾನು ಕಾದಿದ್ದೆ. ಹಳದಿ ಟೀ ಶರ್ಟು ಬಂತು. ಅದನ್ನು ಪಂಚೆಯ ಮೇಲೆ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತರು. ನೋಡಿದ್ದರೆ ನೀನು ನಗುತ್ತಿದ್ದೆ, ನಾನೂ ಮೊದಲ ದಿನ ನಕ್ಕೆ. ಪರದೆಯಲ್ಲಿ ಒಂದು ಹುಡುಗಿ ಮೀನು ಬಿಡಿಸುವುದನ್ನು ಹೇಳಿಕೊಡುತ್ತಿದ್ದಳು. ಮೊಟ್ಟೆಯಾಕಾರ, ಬಾಲಕ್ಕೆ ತ್ರಿಕೋನ, ಆಮೇಲೆ ಕಣ್ಣು. ಮಾವ ಬಿಡಿಸಿದ ಮೀನು ಬಲಕ್ಕೆ ತಿರುಗಿ, ಬಾಯಿ ತೆರೆದು ಏನನ್ನೋ ಅಟ್ಟಿಸಿಕೊಂಡು ಹೋಗುತ್ತಿತ್ತು. "ಸರ್, ಮೀನು ಎಡಕ್ಕೇ ಇರ್ಬೇಕು. ಪೇರೆಂಟ್ಸ್ ಒಂದರ ಪಕ್ಕ ಒಂದಿಟ್ಟು ನೋಡ್ತಾರೆ" ಅಂದಳು ಆಕೆ. ಮಾವ ಹೊಸ ಹಾಳೆ ತೆಗೆದುಕೊಂಡು ಎಡಕ್ಕೆ ಬಿಡಿಸಿದರು. ಬಾಯಿ ಮುಚ್ಚಿತ್ತು.

ನೀನು ಮೂರನೇ ಕ್ಲಾಸಿನಲ್ಲಿ ಬಿಡಿಸಿದ ಹಸಿರು ಎಮ್ಮೆ ಈಗಲೂ ಅವರ ಕೋಣೆಯಲ್ಲಿದೆ. ನೆಂಟರು ನಕ್ಕಾಗ, ಹುಲ್ಲು ತಿಂದಿದೆ, ಬಣ್ಣ ಹತ್ತಿದೆ ಎಂದು ಅವರು ಹೇಳಿದ್ದನ್ನು ಮದುವೆಯಾದ ಹೊಸದರಲ್ಲಿ ನೀನೇ ನನಗೆ ಹೇಳಿದ್ದೆ. ಈಗ ಅವರು ನಮ್ಮ ಸೆಂಟರಿನಲ್ಲಿ ಮಕ್ಕಳ ಹಿಂದೆ ನಿಂತು, ಮೀನನ್ನು ಈ ಕಡೆ ತಿರುಗಿಸು ಪುಟ್ಟ ಎಂದು ಮೆಲ್ಲಗೆ ಹೇಳುತ್ತಾರೆ. ತಂದೆತಾಯಿಗಳಿಗೆ ಅವರೆಂದರೆ ಪ್ರಾಣ. ಹೊಸದಾಗಿ ಸೇರಿದ ಮಕ್ಕಳಲ್ಲಿ ಅರ್ಧದಷ್ಟು ಅವರ ಹೆಸರು ಕೇಳಿ ಬಂದವು.

ಸಂತೆಯ ಹತ್ತಿರ ಹೂ ಮಾರುವ ಮರಿಯಮ್ಮ ಒಂದು ದಿನ ಹೂ ಅಳೆಯುತ್ತಾ, "ಮೇಷ್ಟ್ರು ಯಾಕವ್ವ ಬತ್ತಿಲ್ಲ? ನಮ್ ಮೊಮ್ಮಗಳು ಬೆಂಚ್ ತಾವ ಓಗಿ ಕಾದ್ಕಂಡು ಬತ್ತಾಳೆ" ಅಂದಳು. ಮಂಡಿ ನೋವು ಎಂದು ಅವಳಿಗೂ ಹೇಳಿದೆ. ಆ ಮಾತು ಅಷ್ಟರಲ್ಲಿ ನನ್ನ ಬಾಯಿಗೂ ಅಭ್ಯಾಸವಾಗಿತ್ತು.

ಕಳೆದ ಭಾನುವಾರ ಮಾವ ಬೆಳಿಗ್ಗೆ ಬೇಗ ಹೊರಟರು. ಕೈಯಲ್ಲಿ ಚೀಲವಿರಲಿಲ್ಲ. ಸೆಂಟರಿಗೆ ಹೋಗುವ ದಾರಿ ಬಿಟ್ಟು ನಾನೂ ಕೆರೆಯ ಕಡೆ ಹೋದೆ. ಬೆಂಚಿನ ಸುತ್ತ ಆರೇಳು ಮಕ್ಕಳಿದ್ದವು, ಯಾರ ಹತ್ತಿರವೂ ಹಾಳೆಯಿಲ್ಲ. ಮಾವ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಒಣಗಿದ ಕೊಂಬೆಯ ಮೇಲೆ ಒಂದು ನೀರುಕಾಗೆ ರೆಕ್ಕೆ ಹರಡಿಕೊಂಡು ಕೂತಿತ್ತು. ಅದು ಯಾವ ಕಡೆ ನೋಡುತ್ತಿದೆ ಎಂದು ಕೇಳಿದರು. ಕೆಲವು ಮಕ್ಕಳು ಈ ಕಡೆ ಅಂದವು, ಕೆಲವು ಆ ಕಡೆ. ಇನ್ನೊಮ್ಮೆ ನೋಡಿ, ಈಗ ತಿರುಗಿತು ಅಂದರು. ಕೊಂಬೆಯ ಕೆಳಗೆ ನೀರು ಯಾವ ಬಣ್ಣ, ನೆರಳು ಯಾವ ಬಣ್ಣ ಎಂದು ಕೇಳುತ್ತಾ ಹೋದರು. ಹೇಳಿಕೊಡುವುದು ಬೇಡವೆಂದರಲ್ಲ, ಅದಕ್ಕೆ ಬರೀ ತೋರಿಸುತ್ತಿದ್ದಾರೆ ಎಂದು ನನಗೆ ಸಮಾಧಾನವಾಯಿತು. ಮುದುಕರು ಜಾಣರು ಎಂದುಕೊಂಡು ಅಲ್ಲಿಂದಲೇ ಹೊರಟುಬಿಡಬೇಕಿತ್ತು.

ಮರಿಯಮ್ಮನ ಮೊಮ್ಮಗಳು ಒಂದು ಕಡ್ಡಿ ತೆಗೆದುಕೊಂಡು ನೆಲದಲ್ಲಿ ಆ ಹಕ್ಕಿಯನ್ನು ಬಿಡಿಸಿದಳು. ಬಿಡಿಸಿ ಎದ್ದು, ಅಜ್ಜ ನೋಡಿ ಎಂದು ಕೈ ಹಿಡಿದು ಎಳೆದಳು. ನಿಮ್ಮಪ್ಪ ಆ ಕಡೆ ಈ ಕಡೆ ನೋಡಿದರು, ಯಾರಾದರೂ ಫೋನು ಹಿಡಿದಿದ್ದಾರೋ ಎಂದು. ಆಮೇಲೆ ಮುಖವನ್ನು ಕೆರೆಯ ಕಡೆ ತಿರುಗಿಸಿಕೊಂಡು ನಿಂತುಬಿಟ್ಟರು. ಅವಳು ಎರಡು ಸಲ ಕರೆದು, ಕಾಲಿನಿಂದ ಹಕ್ಕಿಯನ್ನು ಅಳಿಸಿದಳು.

ಮಗು ಬಿಡಿಸಿದ್ದನ್ನು ತೋರಿಸಿದಾಗ ಅವರು ನೋಡದೇ ಇದ್ದದ್ದನ್ನು ನೀನು ಎಂದಾದರೂ ಕಂಡಿದ್ದೀಯಾ? ನಾನು ಕಂಡಿರಲಿಲ್ಲ. ಎಷ್ಟು ಖರ್ಚಾಯಿತು ಎಂದು ಕೇಳಿದ್ದೆಯಲ್ಲ, ಒಂಬತ್ತು ಲಕ್ಷದ ಜೊತೆಗೆ ಇದು.

ಸೆಂಟರನ್ನು ನಾಳೆಯೇ ಮುಚ್ಚುತ್ತೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಹಾಕಿದ್ದು ಇನ್ನೂ ವಾಪಸ್ ಬಂದಿಲ್ಲ, ಅಗ್ರಿಮೆಂಟಿನ ಅವಧಿ ಇನ್ನೂ ಇದೆ. ಅದು ಮುಗಿದ ಮೇಲೆ ಮುಂದುವರಿಸುವುದಿಲ್ಲ ಎಂದು ನಿರಂಜನ ಅವರಿಗೆ ಹೇಳಿದ್ದೇನೆ. ಅಷ್ಟರಲ್ಲಿ ಮಾವನಿಗೆ ಎಪ್ಪತ್ತಮೂರು ಆಗಿರುತ್ತದೆ.

ವಾಸು ಅವರಿಗೆ ಕೊಡುವ ಡಬ್ಬಿಯಲ್ಲಿ ನಿನಗೆ ಇಷ್ಟವಾದ ಕರದಂಟು ಇದೆ. ಮಕ್ಕಳಿಗೆ ನನ್ನ ಮುತ್ತು.

ನಿನ್ನ ಅತ್ತಿಗೆ,
ಶಾಂತಲಾ

ತಾ.ಕ.: ಇದನ್ನು ಮೊದಲೇ ಬರೆದಿದ್ದರೆ ನೀನು ಉಳಿದದ್ದನ್ನು ಓದದೆ ಸಹಿ ಹಾಕಿಬಿಡುತ್ತಿದ್ದೆ, ಅದಕ್ಕೇ ಕೊನೆಗೆ ಇಟ್ಟೆ. ನೀನು ವಿಚಾರಿಸುತ್ತಿದ್ದೀಯೆಂದು ಮಾತಿನ ನಡುವೆ ಅಭಿರಾಮ್‌ಗೆ ಹೇಳಿದ್ದೆ. ನನ್ನ ಕಡೆಯಿಂದ ಯಶವಂತಪುರದಲ್ಲಿ ಒಂದು ಸೆಂಟರ್ ಆದರೆ, ಮಾವ ಭಾನುವಾರ ಕೆರೆಯ ಹತ್ತಿರ ಮಕ್ಕಳಿಗೆ ಹೇಳಿಕೊಡಬಹುದೆಂದು ಕಂಪನಿಯಿಂದ ಪತ್ರ ಕೊಡಿಸುತ್ತಾನಂತೆ. ಮಾವನಿಗೂ ನಿಮ್ಮಣ್ಣನಿಗೂ ಇದು ಗೊತ್ತಿಲ್ಲ. ಸೋಮವಾರ ಅವನು ಉತ್ತರ ಕೇಳುತ್ತಾನೆ. ನೀನು ಬೇಡ ಅಂದರೆ ಯಾಕೆಂದು ನಾನು ಕೇಳುವುದಿಲ್ಲ. ಬೇಕು ಅಂದರೆ ಮಾತ್ರ ಯಾಕೆಂದು ಕೇಳುತ್ತೇನೆ.