ರಾಜನ ಮೇಲಂಗಿಯ ಕಲೆ

ತಮ್ಮಾ,

ನಿನ್ನ ದೆವ್ವದ ರಾಜನ ಕಾದಂಬರಿ ಮುಗಿಸಿದೆ, ಟಿವಿ ಪಕ್ಕ ಇಟ್ಟಿದ್ದೇನೆ. "ಓದಕ್ಕಾ, ಅಳು ಬರುತ್ತೆ, ಅತ್ತರೆ ಹಗುರಾಗ್ತೀಯ" ಅಂದೆಯಲ್ಲ, ಬರಲಿಲ್ಲ. ಊರಿಗೆ ಊರೇ ಸತ್ತಿತು, ನಾನು ಆಕಳಿಸಿದೆ. ತಪ್ಪು ಪುಸ್ತಕದ್ದಲ್ಲವೇನೋ, ಬೇಜಾರು ಮಾಡಿಕೊಳ್ಳಬೇಡ.

ಊಟ ಮುಚ್ಚಿಟ್ಟಿದ್ದೇನೆ. ಬಿಸಿ ಮಾಡಿಕೊಂಡು ತಿನ್ನು, ನಿನ್ನೆಯ ಹಾಗೆ ಬಿಟ್ಟು ಮಲಗಬೇಡ.

ಒಂದು ಮಾತ್ರ ಒಪ್ಪಲಾರೆ. ಆ ರಾಜ ತಾಯಿಯ ರಕ್ತ ಮೆತ್ತಿದ ಮೇಲಂಗಿಯನ್ನು ಕುದಿಯುವ ನೀರಿಗೆ ಹಾಕುತ್ತಾನೆ, ಕಲೆ ಮಾಯವಾಗುತ್ತದೆ. ಶುದ್ಧ ಸುಳ್ಳು. ಹನ್ನೊಂದು ವರ್ಷದಿಂದ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದೇನೆ. ಬಿಸಿನೀರು ಬಿದ್ದರೆ ರಕ್ತ ಬಟ್ಟೆಯನ್ನು ಬಿಡುವುದೇ ಇಲ್ಲ. ಬರೆದವನು ಕತ್ತಿ ನೋಡಿರಬಹುದು, ಬಕೆಟ್ ನೋಡಿಲ್ಲ.

ಬಚ್ಚಲುಮನೆಯಲ್ಲಿ ಅಮ್ಮ ಹೋದ ದಿನದ ಬೆಡ್‌ಶೀಟ್ ನೆನೆದಿದೆ. ಆರು ದಿನದಿಂದ ತಣ್ಣೀರು ಬದಲಾಯಿಸುತ್ತಿದ್ದೇನೆ, ಅಷ್ಟೇ. ಕೆಲಸದಲ್ಲಿ ದಿನಕ್ಕೆ ಇನ್ನೂರು ಒಗೆಯುವವಳಿಗೆ ಇದೊಂದಕ್ಕೆ ಕೈ ಹೋಗುತ್ತಿಲ್ಲ. ಪುಸ್ತಕ ಮುಗಿಸಿದ ಮೇಲೆ ಒಂದು ಪಾತ್ರೆ ನೀರು ಕುದಿಸಿ ಬಕೆಟ್ ಹತ್ತಿರ ನಿಂತಿದ್ದೆ. ಕಲೆ ಉಳಿದುಬಿಡಲಿ ಅನ್ನಿಸಿತ್ತು. ಆಮೇಲೆ ಆ ನೀರಿನಲ್ಲೇ ಟೀ ಮಾಡಿಕೊಂಡು ಕುಡಿದೆ.

ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ನೀನೇ ಒಗೆದುಬಿಡು. ತಣ್ಣೀರಿನಲ್ಲಿ.

ಅಕ್ಕ