ಕುರಿದಾರಿಗಾಗಿ ವಸ್ತ್ರತ್ಯಾಗ

ಹೊಸದುರ್ಗ
೮-೨-೨೦೨೫, ಶನಿವಾರ

ಹಿರಿಯೂರು ಸಂಸ್ಥಾನದ ಪಟ್ಟದರಸಿ, ಬಾಲರಾಜು ಭಾವನ ಗರ್ವಭಂಜನಿ, ಒಡಹುಟ್ಟಿದ ತಮ್ಮನ ನಂಬರನ್ನು ಬ್ಲಾಕ್ ಮಾಡುವ ವಿದ್ಯೆಯಲ್ಲಿ ಪಾರಂಗತೆಯಾದ ಶ್ರೀಮತಿ ಗಂಗಕ್ಕನವರ ಸನ್ನಿಧಾನಕ್ಕೆ, ಹೊಸದುರ್ಗ ತಾಲ್ಲೂಕಿನ ಏಕೈಕ ಬೆತ್ತಲೆ ಹೋರಾಟಗಾರನು ಮೈತುಂಬ ಬಟ್ಟೆ ತೊಟ್ಟು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನೀನು ಫೋನ್ ಎತ್ತುವುದಿಲ್ಲ. ಅದಕ್ಕೇ ಅಂಚೆ ಕಚೇರಿಗೆ ಹೋಗಿ ಕವರ್ ತಂದೆ. ಕವರ್ ಕೊಟ್ಟ ಹೆಂಗಸು ನನ್ನ ಮುಖ ನೋಡಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯಾಚೆಯ ತೆಂಗಿನಮರ ನೋಡಿದಳು. ಊರಿಗೆ ಊರೇ ಈಗ ನನ್ನನ್ನು ಕಂಡರೆ ಮರ ನೋಡುತ್ತದೆ.

ನಡೆದದ್ದು ಇಷ್ಟು. ನಮ್ಮ ಕುರಿಗಳು ಕೆರೆಗೆ ಹೋಗುವ ದಾರಿಗೆ ಸೈಟು ಮಾಡುವವರು ಮುಳ್ಳುತಂತಿ ಎಳೆದು ನಾಲ್ಕು ತಿಂಗಳಾಯಿತು. ನಮ್ಮ ಉಚ್ಚಂಗೆಮ್ಮಜ್ಜಿ ಈಗ ಲಾರಿ ಓಡಾಡುವ ಟಾರು ರಸ್ತೆಯಲ್ಲೇ ಕುರಿ ಹೊಡೆದುಕೊಂಡು ಹೋಗಬೇಕು. ಮೂರು ಕುರಿ ಸತ್ತವು. ನಾಲ್ಕನೆಯದು ಅಜ್ಜಿಯೇ ಆದರೆ ಎಂದು ನನಗೆ ನಿದ್ದೆ ಬರುವುದಿಲ್ಲ. ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಗಿ ಕಳೆದ ಸೋಮವಾರ ತಾಲ್ಲೂಕು ಕಚೇರಿಯ ಮುಂದೆ, ಸಕಲ ಪ್ರಜೆಗಳ ಸಮಕ್ಷಮದಲ್ಲಿ ವಸ್ತ್ರತ್ಯಾಗ ಮಾಡಿದೆ.

ಅಕ್ಕಾ, ನಲವತ್ತು ಮೊಬೈಲು ಮೇಲೆದ್ದವು. ನಾನು ಕೂಗಿದ್ದು ಕುರಿದಾರಿ ಬಿಡಿಸಿ ಎಂದು. ಒಂದು ವಿಡಿಯೋದಲ್ಲೂ ಆ ಮಾತಿಲ್ಲ, ಹಾಡು ಹಾಕಿದ್ದಾರೆ. ಪೇದೆಯೊಬ್ಬ ಗೋಡೆಯ ಮೇಲಿದ್ದ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಿತ್ತು ನನಗೆ ಸುತ್ತಿದ. ಚಾನೆಲ್ಲಿನವನು ಬೆಳಕು ಸರಿಯಿರಲಿಲ್ಲ, ಇನ್ನೊಂದು ಸಲ ಬಿಚ್ಚುತ್ತೀರಾ ಎಂದು ಬಹುವಚನದಲ್ಲಿ ಕೇಳಿದ. ಸಂಸ್ಕೃತಿ ಉಳಿಸುವವರು ನಾನು ನಿಂತ ಜಾಗಕ್ಕೆ ಗಂಜಲ ಚಿಮುಕಿಸಿದರು. ಠಾಣೆಯಲ್ಲಿ ಬರೆದುಕೊಂಡ ಹೇಳಿಕೆಯಲ್ಲಿ ನನ್ನ ಮೈಯ ಬಗ್ಗೆ ಒಂದು ಪುಟ, ದಾರಿಯ ಬಗ್ಗೆ ಸೊನ್ನೆ. ಸರ್ಕಾರ ಕ್ರಮ ಕೈಗೊಳ್ಳಲಿಲ್ಲ ಅನ್ನಬೇಡ: ಮೂರೇ ದಿನದಲ್ಲಿ ಕಚೇರಿಯ ಬಾಗಿಲಿಗೆ ಕಬ್ಬಿಣದ ಬೇಲಿ ಬಂತು. ಇದ್ದ ಬೇಲಿ ತೆಗೆಸಲು ಹೋಗಿ ಇನ್ನೊಂದು ಹಾಕಿಸಿದೆ.

ಅಜ್ಜಿ ವಿಡಿಯೋವನ್ನು ಎರಡು ಸಲ ನೋಡಿದಳು. ಎದೆಗೂಡು ಎಣಿಸುವ ಹಾಗಿದೆಯಲ್ಲೋ, ನಾನು ಉಣ್ಣಲು ಇಕ್ಕುವುದಿಲ್ಲ ಅಂದುಕೊಳ್ಳುವುದಿಲ್ಲವೇ ಜನ, ಎಂದು ಅತ್ತಳು.

ಗುರುವಾರ ಹಿರಿಯರು ಕಂಬಳಿ ಹಾಸಿ ನನ್ನನ್ನು ಕೂರಿಸಿದರು. ಕಂಬಳಿಯ ಮೇಲೆ ಕೂತವರು ನಮ್ಮಲ್ಲಿ ಸುಳ್ಳಾಡುವುದಿಲ್ಲ, ನಿನಗೇ ಗೊತ್ತು. ಮೊದಲು ಎಲ್ಲರೂ ನನ್ನ ಹಳೆಯ ಕಿತಾಪತಿಗಳನ್ನು ನೆನೆದರು. ಅವರ ಕೋಳಿಗಳಿಗೆ ನಾನು ಬಣ್ಣ ಬಳಿದದ್ದನ್ನೂ ಬಿಡಲಿಲ್ಲ. ಆಮೇಲೆ ಹಿರೀಕ ಕೆಂಚಣ್ಣ ಕೇಳಿದ:

"ಲೇ ಅಂಜನ್, ಹುಡುಗಾಟ ಆಗಿದ್ರೆ ತಪ್ಪಾತು ಅನ್ನು, ಇಲ್ಲಿಗೇ ಬಿಡಾಣ. ದಾರಿಗೋಸ್ಕರ ಬೇಕಂತ್ಲೇ ಬಿಚ್ಚಿದ್ದು ಅಂದ್ರೆ ನಿನ್ನ ಮಾನ ನಮ್ಮ ಮಾನ. ಸೋಮವಾರ ಊರೆಲ್ಲ ಕುರಿ ಹೊಡ್ಕಂಡು ಕಚೇರಿಗೆ ಹೋಗಾಣ. ಬಟ್ಟೆ ಹಾಕ್ಕಂಡು."

ಬೇಕಂತಲೇ ಬಿಚ್ಚಿದೆ ಅಂದೆ.

ನಾಳಿದ್ದು ಎಂಟುನೂರು ಕುರಿ ಬರುತ್ತವೆ. ಹಿರಿಯೂರಿನಿಂದ ಒಬ್ಬಳು ಅಕ್ಕನೂ ಬರಬಹುದಿತ್ತು. ನಿನ್ನ ಅತ್ತೆಮನೆಗೆ ನನ್ನ ಮೈ ಕಂಡದ್ದೇ ನಾಚಿಕೆ. ಎಪ್ಪತ್ತರ ಮುದುಕಿ ಲಾರಿಗಳ ನಡುವೆ ನಡೆಯುವುದು ಯಾರಿಗೂ ನಾಚಿಕೆಯಲ್ಲ. ನಿನಗೂ ಅಲ್ಲವೇನೆ?

ಇತಿ,
ಎಲ್ಲ ಗುಂಡಿ ಹಾಕಿಕೊಂಡು ಬರೆದ
ನಿನ್ನ ತಮ್ಮ ಅಂಜನ್

ಮರೆತಿದ್ದೆ: ಇಷ್ಟನ್ನು ಓದಿ ಹರಿದುಹಾಕು. ನಾನು ಬಿಚ್ಚಬೇಕೆಂದು ಹೋದದ್ದು ಅಂಗಿ ಮಾತ್ರ. ಪಂಚೆ ಉಟ್ಟದ್ದು ಜನ್ಮದಲ್ಲಿ ಅದೇ ಮೊದಲು, ಯೂಟ್ಯೂಬ್ ನೋಡಿಕೊಂಡು. ಘೋಷಣೆ ಕೂಗಲು ಎರಡೂ ಕೈ ಎತ್ತಿದೆ, ಜಾರಿಹೋಯಿತು. ಒಳಗಿನ ಚಡ್ಡಿಯನ್ನು ಅವತ್ತೇ ಒಗೆದು ಒಣಹಾಕಿದ್ದೆ.